ಖಾಲಿ ಡೆವ್ ಫೋಲ್ಡರು

"ಕೋತಿ ಕೈಗೆ ಮಾಣಿಕ್ಯ ಕೊಟ್ರೆ ಇನ್ನೇನಾಗುತ್ತೆ ಸಾರ್? ಶಾಲೆ ಅರ್ಧಕ್ಕೆ ಬಿಟ್ಟವನು. ಹೆಂಡ್ತಿ ತಮ್ಮ ಅಂತ ತಂದು ಕೂರಿಸಿದ್ದು ನನ್ನ ತಪ್ಪು."

ಇಲ್ಲಿ ನನ್ನ ಮೇಲ್ವಿಚಾರಕನೂ ಆದ ಭಾವ ಇದನ್ನು ಹೇಳಿದ್ದು ಆಸ್ಪತ್ರೆಯಿಂದ ಬಂದಿದ್ದ ಇಬ್ಬರ ಎದುರಿಗೆ, ಕಾರ್ಖಾನೆಯ ಯಜಮಾನರ ಎದುರಿಗೆ, ಬೆಸುಗೆ ಹಾಕುವ ಹೆಂಗಸರೆಲ್ಲರ ಎದುರಿಗೆ. ಒಬ್ಬಳು ಕಿಸಕ್ಕೆಂದಳು. ನನ್ನ ಕಿವಿ ಕಾದ ಬಾಣಲೆಯಾಯಿತು.

ಮೇಜಿನ ಮೇಲೆ, ಔಷಧಿ ಫ್ರಿಜ್ಜಿನ ತಾಪ ಕಾಯುವ ಪೆಟ್ಟಿಗೆ ಗರಬಡಿದಂತೆ ಕೂತಿತ್ತು. ಅದರೊಳಗಿನ ಅಂಗೈಯಗಲದ ಬೋರ್ಡನ್ನು ನಡೆಸುವ ಲಿನಕ್ಸ್ ಸಾಫ್ಟ್‌ವೇರ್ ಕಟ್ಟಿದವನು ನಾನು. ಅದರ ಮೆಮೊರಿಯಲ್ಲಿ ಜಾಗ ಅಷ್ಟೇ ಅಷ್ಟು. ತೀರಾ ಬೇಕಾದ ಕಮಾಂಡು, ಲೈಬ್ರರಿಗಳನ್ನಷ್ಟೇ ಆರಿಸಿ ಒಂದು ಫೋಲ್ಡರಿನಲ್ಲಿ ಪುಟ್ಟ ಸಂಸಾರ ಹೂಡಿದ್ದೆ. ಇವತ್ತು ಆಸ್ಪತ್ರೆಯವರು ಒಪ್ಪಿದರೆ ನನ್ನ ಕೆಲಸ ಕಾಯಂ, ಇಲ್ಲದಿದ್ದರೆ ನಾಳೆಯಿಂದ ಬರಬೇಡ ಎಂದು ಯಜಮಾನರು ಮೊದಲೇ ಹೇಳಿದ್ದರು.

ಬೋರ್ಡಿಗೆ ಸಿಕ್ಕಿಸಿದ ಕೇಬಲ್ಲಿನಿಂದ ನನ್ನ ಕಂಪ್ಯೂಟರಿನ ಪರದೆಯ ಮೇಲೆ ಸಾಲುಗಳು ಓಡಿ, ಕೊನೆಯದೊಂದು ನಿಂತಿತ್ತು: ಕನ್ಸೋಲ್ ತೆರೆಯಲಾಗುತ್ತಿಲ್ಲ. ಓದಿದ್ದೇ ತಡ, ಹೊಳೆದುಬಿಟ್ಟಿತು. ಡೆವ್ ಫೋಲ್ಡರು! ಸಂದೇಶ ತೋರಿಸುವ ಕನ್ಸೋಲಾಗಲಿ ತಾಪ ಅಳೆಯುವ ಸೆನ್ಸರಾಗಲಿ, ಮುಟ್ಟಬೇಕಾದರೆ ಲಿನಕ್ಸಿಗೆ ಅದರೊಳಗೊಂದು ಫೈಲು ಬೇಕು. ನಿನ್ನೆ ನನ್ನ ಕಂಪ್ಯೂಟರಿಗೇ ಬೋರ್ಡಿನ ವೇಷ ಹಾಕಿಸಿ ಪರೀಕ್ಷಿಸುವಾಗ, ಕಂಪ್ಯೂಟರಿನ ಡೆವ್ ಅನ್ನೇ ಎರವಲು ತಂದು ಜೋಡಿಸಿದ್ದೆ. ಎಲ್ಲ ಚೆನ್ನಾಗಿ ಕುಣಿಯಿತು. ಪ್ಯಾಕ್ ಮಾಡುವ ಮುಂಚೆ ಎರವಲನ್ನು ಬಿಚ್ಚಿದೆ. ಉಳಿದದ್ದು ಖಾಲಿ ಫೋಲ್ಡರು.

"ಬೋರ್ಡಿಗೆ ಹಾಕಿ ಒಂದ್ಸಲ ಎಬ್ಬಿಸಿ ನೋಡ್ತೀನಿ ಭಾವ" ಎಂದು ಬಡಕೊಂಡಿದ್ದೆ. "ಇಲ್ಲಿ ಓಡ್ತಲ್ಲ, ಸಾಕು. ಬೋರ್ಡಿಗೆ ಬರೆದು ಪೆಟ್ಟಿಗೆ ಮುಚ್ಚು, ಪ್ಯಾಕಿಂಗಿನವರು ಕಾಯ್ತಿದಾರೆ" ಅಂದವನು ಇದೇ ಭಾವ.

"ಸಾರ್, ಗೊತ್ತಾಯ್ತು, ಒಂದೇ ನಿಮಿಷ" ಎಂದೆ. ಅವಸರಕ್ಕೆ ತಪ್ಪು ಅಕ್ಷರ ಬಿತ್ತು, ಅಳಿಸಿದೆ, ಮತ್ತೆ ಅದೇ ಬಿತ್ತು. ಕನ್ಸೋಲಿಗೊಂದು, ಸೆನ್ಸರಿಗೊಂದು ಫೈಲು ಹುಟ್ಟಿಸಿ, ಹೊಸದಾಗಿ ಪ್ಯಾಕ್ ಮಾಡಿ ಬೋರ್ಡಿಗೆ ಬರೆಯಲು ಬಿಟ್ಟೆ. ಪರದೆಯ ಪಟ್ಟಿ ಆಮೆಯಂತೆ ತೆವಳಿತು.

"ಹೆರಿಗೆಗೂ ಇಷ್ಟು ಹೊತ್ತು ಬೇಡ ಕಣ್ರೇ" ಎಂದಳು ಕಿಸಕ್ಕೆಂದವಳು.

ಏಳು. ನಿನ್ನ ದಮ್ಮಯ್ಯ, ಏಳು.

ಎದ್ದಿತು. ಪೆಟ್ಟಿಗೆಯ ಮೇಲೆ ತಾಪದ ಅಂಕಿ ಹಸಿರಾಗಿ ಹೊತ್ತಿಕೊಂಡಿತು.

ಆಸ್ಪತ್ರೆಯವರಲ್ಲಿ ಹಿರಿಯಾಕೆ ಆಗಲೇ ಚೀಲ ಹೆಗಲಿಗೇರಿಸಿದ್ದರು. "ಇಲ್ಲಿ ನೀವಿದ್ರಿ, ಎಬ್ಬಿಸಿದ್ರಿ. ನಮ್ಮಲ್ಲಿ ಇದು ಮಲಗಿದ್ರೆ ಔಷಧಿ ಹಾಳಾದ ಮೇಲೇ ಗೊತ್ತಾಗೋದು. ಬೇಡ ಬಿಡಿ." ಇಬ್ಬರೂ ಹೊರಟುಹೋದರು.

ಯಜಮಾನರು ನನ್ನತ್ತ ತಿರುಗಿದರು. "ಬೋರ್ಡ್ ಮೇಲೆ ಓಡಿಸ್ದೆ ಪೆಟ್ಟಿಗೆ ಮುಚ್ಚು ಅಂತ ಯಾರಪ್ಪಾ ಹೇಳಿದ್ದು ನಿಂಗೆ?"

ಭಾವ ನನ್ನಿಂದ ಕಣ್ಣು ತಪ್ಪಿಸಿದ. ಆದರೂ ಬಾಯಿ ಸುಮ್ಮನಿರಲಿಲ್ಲ. "ಹೇಳೋ! ಸಾರ್ ಕೇಳ್ತಿದಾರಲ್ಲ. ಬಾಯಿಗೆ ಬೀಗ ಬಿತ್ತಾ?"

ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆಡಿದರೆ ಇವನೂ ಬೀದಿಗೆ, ಇವನ ಹಿಂದೆ ಅಕ್ಕನೂ. ಕೇಬಲ್ಲು ಕಿತ್ತು ಮೇಜಿನ ಮೇಲೆಸೆದು, ಹೆಂಗಸರ ಸಾಲಿನ ನಡುವೆ ಬಾಗಿಲ ಕಡೆ ನಡೆದೆ. ಹಿಂದಿನಿಂದ ಭಾವ ಇನ್ನೂ ಹೇಳೋ, ಹೇಳೋ ಅನ್ನುತ್ತಲೇ ಇದ್ದ.