ಮಡಿಕೆಗೆ ಸಿಕ್ಕ ಕೊಕ್ಕರೆ

ಯಿಂದಿ ನನ್ನ ಅತ್ತೆ, ಗಂಡನ ತಾಯಿ. ಅವರಿಗೆ ಒಂದು ಚಾಳಿ ಇತ್ತು. ಯಾರು ಏನೇ ಮಾಡಿಟ್ಟಿರಲಿ, ಅದನ್ನು ನೆಟ್ಟಗೆ ಮಾಡದೆ ಬಿಡುತ್ತಿರಲಿಲ್ಲ. ನಾನು ಊಟಕ್ಕೆ ಬಟ್ಟಲು ಇಟ್ಟರೆ ಎರಡು ಬೆರಳು ಈಚೆ ಸರಿಸುವುದು, ಗೋಡೆಯ ಕ್ಯಾಲೆಂಡರಿನ ಮೂಲೆ ಎಳೆಯುವುದು. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಮೈ ಉರಿದುಹೋಗುತ್ತಿತ್ತು. ಆಮೇಲೆ ಗೊತ್ತಾಯಿತು, ಅದು ಅವರ ತವರಿನಿಂದ ಬಂದದ್ದು. ಅವರ ಮುತ್ತಾತಂದಿರು ಬೀಜಿಂಗಿನ ಅರಮನೆಗೆ ನಿಲುವಂಗಿ ನೇಯ್ದವರು. ಚಕ್ರವರ್ತಿಯ ಎದೆಯ ಮೇಲಿನ ಡ್ರ್ಯಾಗನ್ ನಟ್ಟನಡುವೆ ಕೂರಬೇಕು. ಒಂದೆಳೆ ಆಚೀಚೆಯಾದರೂ ನೇಕಾರನ ಗತಿ ನೆಟ್ಟಗಿರುತ್ತಿರಲಿಲ್ಲ.

ನನ್ನ ಕಾಲಕ್ಕೆ ಚಕ್ರವರ್ತಿಯೂ ಇರಲಿಲ್ಲ, ನಿಲುವಂಗಿಯೂ ಇರಲಿಲ್ಲ. ತಾಯ್ ಸರೋವರದ ದಂಡೆಯ ನಮ್ಮ ಹಳ್ಳಿಯಲ್ಲಿ ಅದೇ ಮಗ್ಗಗಳ ಮೇಲೆ ಜಪಾನಿನ ಹೆಂಗಸರು ಕಿಮೊನೊ ಉಡುಪಿನ ಮೇಲೆ ಸುತ್ತಿಕೊಳ್ಳುವ ರೇಷ್ಮೆಯ ನಡುಪಟ್ಟಿ ನೇಯುತ್ತಿದ್ದೆವು. ಒಂದೊಂದು ಬಣ್ಣಕ್ಕೂ ಒಂದೊಂದು ಪುಟ್ಟ ಲಾಳಿ. ಆ ಬಣ್ಣ ಬೇಕಾದಷ್ಟು ಜಾಗದಲ್ಲಿ ಮಾತ್ರ ಅದು ಓಡಾಡಿ ಹಿಂದಿರುಗಬೇಕು. ಒಂದು ಪಟ್ಟಿ ಮುಗಿಯುವಷ್ಟರಲ್ಲಿ ಒಂದು ಬೆಳೆ ಬಂದು ಹೋಗುತ್ತಿತ್ತು. ಸುಝೌ ಪೇಟೆಯ ಕಾರ್ಖಾನೆಯ ಮೇಲ್ವಿಚಾರಕ ಲು ಬಂದು ಅದನ್ನು ಒಯ್ದು ಕ್ಯೋಟೋಗೆ ಕಳಿಸುತ್ತಿದ್ದ. ಅದನ್ನು ಹೇಗೆ ಕಟ್ಟಿಕೊಳ್ಳುತ್ತಾರೆಂದು ನಾವ್ಯಾರೂ ಕಂಡವರಲ್ಲ. ಲು ಒಮ್ಮೆ ಫೋಟೋ ತಂದಿದ್ದ. ಅದರಲ್ಲಿದ್ದ ಹೆಂಗಸು ನಮ್ಮ ಕಡೆಗೆ ಬೆನ್ನು ಹಾಕಿ ನಿಂತಿದ್ದಳು.

ಅತ್ತೆಯ ಕಣ್ಣು ಮಂಜಾಗತೊಡಗಿದ್ದು ಒಂದು ವರ್ಷದ ಚಳಿಗಾಲದಲ್ಲಿ. ಕಣ್ಣಿನ ನರವೇ ಒಣಗುತ್ತಿದೆ, ಔಷಧಿ ಇಲ್ಲ ಎಂದು ಪೇಟೆಯ ಡಾಕ್ಟರು ಕೈಚೆಲ್ಲಿದರು. ಅದೇ ಹೊತ್ತಿಗೆ ಲು ಒಂದು ಚಿತ್ರ ಹಿಡಿದು ಬಂದ. ಕ್ಯೋಟೋದ ವ್ಯಾಪಾರಿ ಮೊರಿಶಿತಾ ತಮ್ಮ ಮಗಳ ಮದುವೆಗೆ ಪಟ್ಟಿ ಬೇಕೆಂದಿದ್ದಾರೆ, ಪೈನ್ ಮರದ ಹಸಿರು ಕೊಂಬೆಗಳು, ಹೊಟ್ಟೆಯ ಮೇಲೆ ಬರುವ ಕಡೆ ಒಂದು ಬಿಳಿ ಕೊಕ್ಕರೆ. ಚಳಿ ಕಳೆದ ಮೇಲೆ ಮಗಳನ್ನೂ ಕರೆತಂದು ಕಾರ್ಖಾನೆಯಲ್ಲೇ ಉಡಿಸಿ ನೋಡುತ್ತಾರಂತೆ. ಜಪಾನಿನಲ್ಲಿ ಶೇರುಪೇಟೆ ಬಿದ್ದು ನಮ್ಮ ಕೆಲಸ ಬತ್ತುತ್ತಿದ್ದ ಕಾಲ, ಲುಗೆ ಅದರದೇ ಚಿಂತೆ. ಅತ್ತೆಗೆ ಬೇರೆಯದೇ ಆಸೆ.

"ನಾನು ನೇಯ್ದಿದ್ದನ್ನ ಒಂದು ಸಲ ಜೀವ ಇರೋ ಮೈಮೇಲೆ ನೋಡ್ಬೇಕು ಕಣೇ. ಆಮೇಲೆ ಕಣ್ಣು ಹೋದ್ರೆ ಹೋಗ್ಲಿ" ಅಂದರು.

ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳ ಕೆಳಗೆ ಚಿತ್ರವನ್ನಿಟ್ಟು ಕುಂಚದಲ್ಲಿ ಆ ಎಳೆಗಳ ಮೇಲೆ ಗುರುತು ಹಾಕುವುದು ನಮ್ಮ ಪದ್ಧತಿ. ಅತ್ತೆ ಅದನ್ನು ಮಾಡುತ್ತ ಗೊಣಗಿದರು. ಕೊಕ್ಕರೆ ಪಟ್ಟಿಯ ಒಂದು ಅಂಚಿಗೆ ಒತ್ತಿಕೊಂಡಿದೆ, ಇನ್ನರ್ಧ ಬರಿದು. ಚಿತ್ರ ಬರೆದವನು ಕುಡಿದು ಬರೆದಿರಬೇಕು ಅಂದರು. ಅಲ್ಲಿಯವರೆಗೆ ನಾವು ನೇಯ್ದದ್ದೆಲ್ಲ ಅಗಲಕ್ಕೂ ಉದ್ದಕ್ಕೂ ತುಂಬಿದ ಹೂಬಳ್ಳಿ, ಈ ಪ್ರಶ್ನೆಯೇ ಎದ್ದಿರಲಿಲ್ಲ. ಮದುಮಗಳ ಮೈಮೇಲೆ ಸೊಟ್ಟ ಕೊಕ್ಕರೆ ಇರಬಾರದು ಎಂದು ಅತ್ತೆ ಅದನ್ನು ತಂದು ನಟ್ಟನಡುವೆ ಕೂರಿಸಿದರು. ನೇಯ್ದದ್ದು ನೇಯ್ದಹಾಗೆ ಮಗ್ಗದ ಮರದ ದಿಂಡಿಗೆ ಸುತ್ತಿಕೊಳ್ಳುತ್ತ ಹೋಯಿತು, ಬಂದು ಹೋಗುವ ಲು ಕಣ್ಣಿಗೆ ಕೊಕ್ಕರೆ ಬೀಳಲೇ ಇಲ್ಲ. ಕಣ್ಣಿಗೆ ಬೆಳಕು ಸಾಲದೆ ಬಾಗಿಲ ಬಳಿಗೆ ಮಗ್ಗ ಎಳೆಸಿಕೊಂಡು, ಕೈ ಸೆಟೆದುಹೋಗುವ ಚಳಿಯಲ್ಲಿ ಕೂತು ಮುಗಿಸಿದರು.

ಮೊರಿಶಿತಾ ಬಂದ ದಿನ ಅತ್ತೆ ಹೊಸ ನೀಲಿ ಗುಂಡಿಯಂಗಿ ತೊಟ್ಟು ನನ್ನನ್ನೂ ಕರೆದುಕೊಂಡು ಕಾರ್ಖಾನೆಗೆ ಹೊರಟರು. ಆತ ಒಳ್ಳೆಯ ಮುದುಕ. ನಮ್ಮೂರಿನಲ್ಲಿ ಕಿಮೊನೊ ಅಂಗಡಿಯನ್ನು ಇಂದಿಗೂ 'ವು ನಾಡಿನ ಬಟ್ಟೆ'ಯ ಅಂಗಡಿ ಎಂದೇ ಕರೆಯುತ್ತಾರೆ, ಆ ವು ನಾಡು ಎಂದರೆ ನಿಮ್ಮ ಈ ಸೀಮೆಯೇ, ನಮ್ಮ ಹಿರಿಯರು ಉಡುವುದು ಕಲಿತದ್ದು ನಿಮ್ಮಿಂದ ಎಂದರು. ಲು ಅದನ್ನು ನಮ್ಮ ಮಾತಿಗೆ ತಿರುಗಿಸಿದ. ಉಡುಪಿನ ಎಡಮಗ್ಗುಲು ಬಲದ ಮೇಲೆ ಬರುವಂತೆ ಸುತ್ತಿಕೊಳ್ಳುವುದು ಬದುಕಿರುವವರಿಗೆ, ತಿರುಗುಮುರುಗು ಮಾಡುವುದು ಹೆಣಕ್ಕೆ. ಅದೂ ಇಲ್ಲಿಯದೇ ಅಂತೆ. ನಮ್ಮಲ್ಲಿ ಉತ್ತರದಿಂದ ಮಂಚು ದೊರೆಗಳು ಬಂದು ಗಂಡಸರ ತಲೆ ಬೋಳಿಸಿ ಬೇರೆ ಅಂಗಿ ತೊಡಿಸಿದ ಮೇಲೆ ಆ ಅಗಲ ತೋಳಿನ ಉಡುಪು ನಾಟಕದವರ ಮೈಮೇಲೆ, ಹೆಣದ ಮೈಮೇಲೆ ಉಳಿಯಿತೇ ಹೊರತು ಮನೆಗಳಲ್ಲಿ ಉಳಿಯಲಿಲ್ಲ. ಮೊರಿಶಿತಾ ಮಾತು ಕೇಳಿ ಅತ್ತೆಯ ಮುಖ ಅರಳಿತು.

ಹುಡುಗಿ ಒಳಕೋಣೆಯಲ್ಲಿ ಉಡುಪು ತೊಟ್ಟು ಬಂದು ನಮ್ಮೆದುರಿಗೆ ಪಟ್ಟಿಯನ್ನು ಕೈಗೆತ್ತಿಕೊಂಡಳು. ಅಗಲ ಅರ್ಧವಾಗುವಂತೆ ಉದ್ದಕ್ಕೂ ನಡುಮಧ್ಯೆ ಎರಡಾಗಿ ಮಡಿಸಿದಳು. ಮಡಿಸಿದ್ದನ್ನೇ ಸೊಂಟಕ್ಕೆ ಸುತ್ತಿ, ಬಿಗಿದು, ಹಿಂದೆ ಗಂಟು ಕಟ್ಟಿಸಿಕೊಂಡು ನಗುತ್ತ ತಿರುಗಿದಳು. ಹೊಟ್ಟೆಯ ಮೇಲೆ ಎರಡು ಕಾಲು, ಒಂದಿಷ್ಟು ಬಾಲ. ಕೊಕ್ಕರೆಯ ಕುತ್ತಿಗೆ, ತಲೆ, ಎತ್ತಿದ ರೆಕ್ಕೆ ಎಲ್ಲ ಮಡಿಕೆಯ ಒಳಗೆ ಹೋಗಿತ್ತು. ಅಪ್ಪನ ಮುಖ ಕಂಡ ಮೇಲೆಯೇ ಅವಳು ಬಗ್ಗಿ ನೋಡಿಕೊಂಡದ್ದು.

ಅತ್ತೆಗೆ ಅಷ್ಟು ದೂರದಿಂದ ಕಾಣಲಿಲ್ಲ. ಹತ್ತಿರ ಹೋಗಿ ಅವಳ ಹೊಟ್ಟೆಗೆ ಮುಖವಿಟ್ಟು ನೋಡಿದರು, ಬೆರಳಾಡಿಸಿದರು.

"ಮಡಿಸ್ತಾರೆ ಅಂತ ಯಾರೂ ಹೇಳ್ಲಿಲ್ವಲ್ಲ" ಅಂದರು.

"ಚಿತ್ರದಲ್ಲಿ ಇದ್ದ ಹಾಗೆ ನೇಯಿ ಅಂದಿದ್ದೆನಲ್ಲಕ್ಕ" ಅಂದ ಲು. ಬೈದಿದ್ದರೂ ಸಹಿಸಬಹುದಿತ್ತು, ಅವನ ದನಿ ಸತ್ತೇಹೋಗಿತ್ತು.

ಮೊರಿಶಿತಾ ಒಂದು ಕೆಟ್ಟ ಮಾತೂ ಆಡಲಿಲ್ಲ. ನೇಯ್ಗೆ ಅಪರೂಪದ್ದು ಎಂದು ಹೊಗಳಿ, ತಲೆಬಾಗಿ, ಪಟ್ಟಿಯನ್ನು ಸುತ್ತಿ ಅಲ್ಲೇ ಮೇಜಿನ ಮೇಲಿಟ್ಟು ಹೋದರು. ಆ ಮರ್ಯಾದೆ ನೋಡಿ ನನಗೆ ಕಪಾಳಕ್ಕೆ ಹೊಡೆಸಿಕೊಂಡಂತಾಯಿತು. ಮದುವೆ ಇರುವುದು ಶರತ್ಕಾಲದಲ್ಲಿ, ಅಷ್ಟರಲ್ಲಿ ಇನ್ನೊಂದು ನೇಯ್ದುಕೊಡುತ್ತೇನೆ ಎಂದು ಅತ್ತೆ ಲುವನ್ನು ಬಿಡದೆ ಪೀಡಿಸಿದರು. ಹುಡುಗಿಗೆ ಕ್ಯೋಟೋದಲ್ಲೇ ಬೇರೆ ಕೊಳ್ಳುತ್ತಾರಂತೆ ಅಂದ. ಕಡೆಗೆ ತಪ್ಪಿಸಿಕೊಳ್ಳಲು, ನೇಯಿ ನೋಡೋಣ ಅಂದ.

ಬೇಸಿಗೆಯಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಅದು ಅತ್ತೆಗೂ ಗೊತ್ತಿತ್ತು, ಗೊತ್ತಿದ್ದೇ ನೇಯುತ್ತಿದ್ದರು. ಕೊಕ್ಕರೆಯಿಂದಲೇ ಶುರುಮಾಡಿದ್ದರು. ನಾನು ಹತ್ತಿರ ಹೋದರೆ ರೇಗುವುದು, ಬಣ್ಣ ತೋರಿಸಿ ಅಂದರೆ ನನಗೇ ಕಲಿಸೋಕೆ ಬರ್ತೀಯಾ ಅನ್ನುವುದು. ನನ್ನ ಗಂಡ, ಸುಮ್ಮನಿರು, ಏನೋ ಒಂದು ಮಾಡ್ಕೊಂಡಿರ್ಲಿ ಅಂದ.

ಒಂದು ಮಧ್ಯಾಹ್ನ ಅವರೇ ಕರೆದರು. ದಿಂಡು ಬಿಚ್ಚಿ, ಮಡಿಕೆ ಎಲ್ಲಿ ಬೀಳುತ್ತದೆ ನೋಡು ಅಂದರು. ನಡುವಿಗೆ ಬೆರಳಿಟ್ಟು ನೋಡಿದೆ. ಕೊಕ್ಕರೆ ಪೂರ್ತಿ ಒಂದು ಪಕ್ಕಕ್ಕೆ, ಇರಬೇಕಾದಲ್ಲೇ ಇತ್ತು. ಒಂದೊಂದು ಗರಿಯೂ ಬಿಡಿಬಿಡಿಯಾಗಿತ್ತು. ಅಂಥ ನೇಯ್ಗೆಯನ್ನು ನಾನು ಅವರ ಕೈಯಿಂದಲೂ ಕಂಡಿರಲಿಲ್ಲ. ಆದರೆ ಬಿಳಿ ಎಂದುಕೊಂಡು ಅವರು ಆಡಿಸಿದ್ದು ಪೈನ್ ಎಲೆಯ ಹಸಿರು ಲಾಳಿ. ಕೊಕ್ಕರೆಯೂ ಹಸಿರು, ಕೊಂಬೆಯೂ ಹಸಿರು.

"ತಲೆ ಒಳಗೆ ಹೋಗಲ್ಲ ಅಲ್ವಾ?"

"ಇಲ್ಲ ಅತ್ತೆ. ಇಡೀ ಕೊಕ್ಕರೆ ಹೊರಗೇ ಇರತ್ತೆ."

"ಬೆಳ್ಳಗಿದೆಯಾ?"

ಹೂಂ ಅನ್ನಬೇಕಿತ್ತು. ಊರಿಗೆಲ್ಲ ಬಾಯಿ ಜೋರಿನ ಸೊಸೆ ನಾನು, ಆ ಒಂದು ಮಾತು ಹೊರಡಲಿಲ್ಲ. ಅತ್ತೆ ನನ್ನ ಕಡೆಗೆ ಮುಖ ಮಾಡಿ ಕಾದರು.

"ಯಾವ ಬಣ್ಣ ಬಿದ್ದಿದೆ ಹೇಳೇ."

"ಹಸಿರು."

ಅವರು ತಡಕಾಡಿ ಕತ್ತರಿ ತೆಗೆದುಕೊಂಡರು. ನಾನು ಮಣಿಕಟ್ಟು ಹಿಡಿದೆ. ಬಿಡು ಅಂದರು, ಬಿಟ್ಟೆ. ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಹಾಸಿನ ಎಳೆಗಳನ್ನು ಕತ್ತರಿಸುತ್ತ ಹೋದರು. ಮಗ್ಗ ಸಡಿಲವಾಗಿ ನೇಯ್ದಷ್ಟೂ ನನ್ನ ಮಡಿಲಿಗೆ ಜಾರಿತು. ಅವರು ಅಳಲಿಲ್ಲ, ನನಗೇ ತಡೆಯಲಾಗಲಿಲ್ಲ.

ಅತ್ತೆ ಮತ್ತೆ ಆ ಕೋಣೆಗೆ ಕಾಲಿಡಲಿಲ್ಲ. ಚಳಿ ಹೆಚ್ಚಾದ ಮೇಲೆ ಮಗ್ಗವನ್ನು ಸೀಳಿ ಒಲೆಗೆ ಹಾಕಿದೆವು. ಅವರು ಅದರ ಮುಂದೆಯೇ ಕೂತು ಕೈ ಕಾಯಿಸಿಕೊಂಡರು.