ಗುಂಡಿಗೆ ಜಾಗ

ಮನೆ ಕಟ್ಟುವ ಗಂಡಸರು ಹೆಂಡತಿಯ ಅಭಿಪ್ರಾಯವನ್ನು ಗೃಹಪ್ರವೇಶ ಆದ ಮೇಲೆ ಕೇಳುತ್ತಾರೆ. ನಮ್ಮ ಯಜಮಾನರು ಮೊದಲೇ ಕೇಳಿದರು. ಅದೇ ಅವರು ಮಾಡಿದ ತಪ್ಪು.

ಇವರ ಹೆಸರು ಶ್ರೀನಾಥ್. ಜೀಪು ಮೆಕ್ಯಾನಿಕ್. ಬಾಳ್ಳುಪೇಟೆಯ ಬಾಡಿಗೆ ಶೆಡ್ಡಿನಲ್ಲಿ ಹನ್ನೆರಡು ವರ್ಷದಿಂದ ಸುತ್ತಮುತ್ತಲ ಎಸ್ಟೇಟುಗಳ ಜೀಪುಗಳನ್ನೆಲ್ಲ ಬಿಚ್ಚಿ ಜೋಡಿಸಿಕೊಂಡು ಬಂದಿದ್ದರು. ತೊಂಬತ್ತೆಂಟರ ಸಂಕ್ರಾಂತಿ ಕಳೆಯುತ್ತಲೇ ಶೆಡ್ಡಿನ ಮಾಲೀಕ ಯುಗಾದಿಯೊಳಗೆ ಖಾಲಿ ಮಾಡಿ ಎಂದ. ಆನೇಮಹಲಿನಲ್ಲಿ ಹೈವೇಗೆ ತಾಗಿದಂತೆ ನಮ್ಮ ಮಾವನವರು ಬಿಟ್ಟುಹೋದ ಹತ್ತು ಗುಂಟೆ ಇಳಿಜಾರು ಜಾಗ ಇತ್ತು, ಅದರ ಒಂದು ಪಕ್ಕ ಬರೀ ಬಂಡೆ. ಮುಂದೆ ಗ್ಯಾರೇಜು, ಹಿಂದೆ ಮನೆ, ಮಳೆ ಹಿಡಿಯುವುದರೊಳಗೆ ಮೇಲೆ ತಗಡು ಎಂದು ಇವರು ತೀರ್ಮಾನ ಮಾಡಿದರು.

"ಗ್ಯಾರೇಜು ನಂದು, ಮನೆ ನಿಂದು. ಎಲ್ಲೆಲ್ಲಿ ಏನು ಬೇಕು ಈಗ್ಲೇ ಹೇಳ್ಬುಡು ಜಗದಾಂಬ. ಆಮೇಲೆ ನನ್ನ ತಲೆ ತಿನ್ನಬ್ಯಾಡ" ಎಂದರು.

ಆಗ ನಾನು ಮುಟ್ಟಾಗದೆ ಒಂದು ತಿಂಗಳ ಮೇಲೆ ಹತ್ತು ದಿನ ಆಗಿತ್ತು. ಯಾರಿಗೂ ಹೇಳಿರಲಿಲ್ಲ, ಇವರಿಗೂ ಹೇಳಿರಲಿಲ್ಲ. ಗಂಡನಿಗೆ ಹೇಳದಿರುವಂಥ ವಿಷಯವೇ ಎಂದು ನೀವು ಕೇಳಬಹುದು. ನನಗೆ ಮೊದಲನೆಯದು ಮೂರನೇ ತಿಂಗಳಿಗೇ ಹೋಯಿತು. ಎರಡನೆಯದಕ್ಕೆ ಈ ಪುಣ್ಯಾತ್ಮ ಬಾಳ್ಳುಪೇಟೆ ಬಸ್ ಸ್ಟ್ಯಾಂಡಿಗೆಲ್ಲ ಜಿಲೇಬಿ ಹಂಚಿ ಬಂದಿದ್ದರು. ಅದು ಏಳನೇ ತಿಂಗಳಲ್ಲಿ ಆಸ್ಪತ್ರೆಯಲ್ಲಿ ಹೋಯಿತು, ಗಂಡು ಕೂಸು. ಜಿಲೇಬಿ ತಿಂದವರೆಲ್ಲ ಸಮಾಧಾನ ಹೇಳಲು ಬಂದರು. ಬಂದವರಿಗೆ ಕಾಫಿ ಕಾಯಿಸಿ ಕೊಟ್ಟವಳು ನಾನೇ. ಇನ್ನೊಂದು ಸಲ ಅದು ನನ್ನ ಕೈಲಿ ಆಗುತ್ತಿರಲಿಲ್ಲ. ಐದು ತಿಂಗಳು ತುಂಬಲಿ, ಹೊಟ್ಟೆ ತಾನಾಗಿ ಕಂಡಮೇಲೆ ನೋಡೋಣ ಎಂದು ಬಾಯಿ ಹೊಲಿದುಕೊಂಡಿದ್ದೆ.

ನನ್ನ ತಾಯಿ ನಂಜಮ್ಮ ಆಲೂರು ಕಡೆಯವಳು. ಮನೆಯಲ್ಲಿ ಬಸುರಿ ಇದ್ದರೆ ಪಾಯ ತೆಗೆಯಬಾರದು, ಬಾವಿ ತೋಡಬಾರದು, ಮಣ್ಣು ಬಾಯಿ ತೆರೆದರೆ ಏನಾದರೂ ಕೇಳಿಯೇ ಕೇಳುತ್ತದೆ ಎನ್ನುತ್ತಿದ್ದಳು. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು, ಇಂಥ ಮಾತು ಕೇಳಿದರೆ ನಗುತ್ತಿದ್ದೆ. ಎರಡು ಕಳೆದುಕೊಂಡ ಮೇಲೆ ನಗು ಬರಲಿಲ್ಲ, ಭಯ ಬಂತು.

ಆದರೆ ಗ್ಯಾರೇಜಿಗೆ ಮೊಟ್ಟಮೊದಲು ಬೇಕಾದದ್ದೇ ಗುಂಡಿ. ಜೀಪನ್ನು ಮೇಲೆ ನಿಲ್ಲಿಸಿ, ತಾವು ಕೆಳಗೆ ಇಳಿದು ಗೇರ್ ಬಾಕ್ಸ್ ಬಿಚ್ಚುವುದಕ್ಕೆ. ಹನ್ನೆರಡು ಅಡಿ ಉದ್ದ, ಮೂರಡಿ ಅಗಲ, ಆಳು ನಿಲ್ಲುವಷ್ಟು ಆಳ. ಅದರ ಜಾಗ ಗೊತ್ತಾದರೆ ಉಳಿದದ್ದೆಲ್ಲ ಅದರ ಸುತ್ತ ಬರುತ್ತದೆ ಎಂದು ಇವರ ಲೆಕ್ಕ. ಗುಂಡಿ ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ಅದಕ್ಕೇ ನಾನು ಬೇಡ ಎನ್ನಲಿಲ್ಲ. ಅಲ್ಲಿ ಬೇಡ ಎಂದೆ.

ಕಾಗದದ ಮೇಲೆ ಪ್ಲಾನ್ ಬರೆಯುವುದು ಇವರಿಗೆ ಆಗದ ಕೆಲಸ. ನನ್ನ ರಂಗೋಲಿ ಪುಡಿಯ ಡಬ್ಬಿಯನ್ನೇ ತೆಗೆದುಕೊಂಡು ಹೋಗಿ ಜಾಗದ ಮೇಲೆ ಗೆರೆ ಎಳೆದರು. ಹಬ್ಬಕ್ಕೆ ಒಂದು ಎಳೆ ಎಳೆಯದವರು, ಗ್ಯಾರೇಜಿಗೆ ಇಡೀ ಡಬ್ಬಿ ಖಾಲಿ ಮಾಡಿದರು. ಮೊದಲ ಪ್ಲಾನಿನಲ್ಲಿ ಗುಂಡಿ ನಡುಮಧ್ಯೆ, ಅಡುಗೆಮನೆ ಅದರ ಹಿಂದೆಯೇ. ಮಳೆಗಾಲದಲ್ಲಿ ಪಡುವಣ ಗಾಳಿ ಹೊಡೆದರೆ ಡೀಸೆಲ್ ಹೊಗೆಯೆಲ್ಲ ನನ್ನ ಸಾರಿಗೆ ಬರುತ್ತದೆ ಎಂದೆ. ಮಾತು ನಿಜವೇ ಆಗಿತ್ತು. ಅಳಿಸಿದರು.

ಎರಡನೇ ವಾರ ಗುಂಡಿಯನ್ನು ಬಲಕ್ಕೆ ತಳ್ಳಿದರು. ಬಚ್ಚಲು ನೀರು ಅದರೊಳಕ್ಕೇ ಹೋಗುತ್ತದೆ ಎಂದೆ. ಮೂರನೇ ಸಲ ಎಡಕ್ಕೆ ಬಂತು. ಅಲ್ಲಿಂದ ವೆಲ್ಡಿಂಗ್ ಬೆಳಕು ಮಲಗುವ ಕೋಣೆಯ ಕಿಟಕಿಗೆ ಹೊಡೆಯುತ್ತದೆ, ಕಣ್ಣು ಹೋಗುತ್ತದೆ ಎಂದೆ. ನಾಲ್ಕನೇ ಸಲ ಒಂದು ಎಸ್ಟೇಟಿನ ಜೀಪನ್ನೇ ತಂದು ಗೆರೆಗಳ ನಡುವೆ ಹಿಂದೆ ಮುಂದೆ ತಿರುಗಿಸಿ, ಟೈರಿನ ಗುರುತು ತೋರಿಸಿ, "ಸರಿಯಾಗಿ ಬರ್ತದೆ ನೋಡು" ಎಂದರು. ಜೀಪೇನೋ ಬರುತ್ತದೆ, ಆದರೆ ಗಾಡಿ ತಂದವರು ಕೈ ತೊಳೆಯಬೇಕೆಂದರೆ ನನ್ನ ಪಡಸಾಲೆ ದಾಟಬೇಕಲ್ಲ ಎಂದೆ.

ಗಾರೆಕೆಲಸದ ಕೆಂಚಯ್ಯ ಹಲ್ಲುಕಡ್ಡಿ ಕಚ್ಚಿಕೊಂಡು ಇದನ್ನೆಲ್ಲ ನೋಡುತ್ತಿದ್ದ. ಪಾಯ ಹಾಕಿ ಹಾಕಿ ಬೆನ್ನು ಬಾಗಿದ ಮನುಷ್ಯ, ಬಾಯಿ ಮಾತ್ರ ಬಾಗಿರಲಿಲ್ಲ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಅಮ್ಮಾರೇ, ನಿಮಗೆ ಮನೆ ಬೇಕೋ ಬ್ಯಾಡ್ವೋ ಅದನ್ನ ಮೊದ್ಲು ಹೇಳಿ" ಎಂದ.

"ನೆಲ ಡೊಂಕಾಗಿಯೇ ಐತಲ್ಲಪ್ಪ ಕೆಂಚಯ್ಯ, ಕಣ್ಣು ಕಾಣಲ್ವಾ" ಎಂದೆ. ಅವನು ನಕ್ಕ. ಇವರು ನಗಲಿಲ್ಲ.

ನನಗೆ ಆಶ್ಚರ್ಯವಾಗಿದ್ದು ಇವರದ್ದೇ. ಬೋಲ್ಟು ಬಿಗಿಯಾಗಿದ್ದರೆ ಜೀಪಿನ ಅಪ್ಪ ಅಮ್ಮನನ್ನೂ ಬಿಡದೆ ಬೈಯುವ ಜಾತಿ. ನನ್ನ ಒಂದೊಂದು ತಕರಾರಿಗೂ ಒಂದು ಮಾತಾಡದೆ ಕಾಲಲ್ಲಿ ಗೆರೆ ಉಜ್ಜಿ ಅಳಿಸುತ್ತಿದ್ದರು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಐದನೇ ಸಲ ಗುಂಡಿ ನೈಋತ್ಯ ಮೂಲೆಗೆ ಹೋದಾಗ ತಕರಾರು ಹುಡುಕುವ ಕಷ್ಟವೂ ಇರಲಿಲ್ಲ. ಆ ಮೂಲೆಯಲ್ಲಿ ಹಳ್ಳ ಇದ್ದರೆ ಮನೆ ಯಜಮಾನನಿಗೆ ಆಗಿಬರುವುದಿಲ್ಲ ಎಂದು ಕೆಂಚಯ್ಯನೇ ಹೇಳಿಬಿಟ್ಟ.

ಆದರೆ ಹತ್ತು ಗುಂಟೆಯಲ್ಲಿ ಎಷ್ಟು ಮೂಲೆ ಇದ್ದಾವು? ಯುಗಾದಿಗೆ ಎಂಟು ದಿನ ಉಳಿದಾಗ ಆರನೇ ಪ್ಲಾನು ಬಂತು. ಹೊಗೆ ಮನೆಗೆ ಬರುತ್ತಿರಲಿಲ್ಲ, ಬಚ್ಚಲು ನೀರು ಬೇರೆ ಕಡೆ, ವೆಲ್ಡಿಂಗ್ ಮರೆಯಲ್ಲಿ, ಗಿರಾಕಿಗಳಿಗೆ ಬೇರೆ ನಲ್ಲಿ. ನಾನೇ ತಪ್ಪು ಹುಡುಕಿ ಹುಡುಕಿ ಅದನ್ನು ಒಳ್ಳೆಯ ಪ್ಲಾನ್ ಮಾಡಿಟ್ಟಿದ್ದೆ. ಹೇಳಲು ಏನೂ ಉಳಿಯಲಿಲ್ಲ. "ಸೋಮವಾರ ಅಗೆಯಾಣ" ಎಂದರು.

ಸೋಮವಾರ ಕೆಂಚಯ್ಯ ಇಬ್ಬರು ಆಳುಗಳನ್ನು ಕರೆದುಕೊಂಡು ಬಂದ. ಹಾರೆ, ಗುದ್ದಲಿ, ಮಣ್ಣು ಹೊರುವ ಮಂಕರಿ. ಇವರು ಪೂಜೆಗೆ ಕಾಯಿ ಒಡೆದರು. ಆಳು ಹಾರೆ ಎತ್ತಿದ್ದನ್ನು ನೋಡಿದ್ದಷ್ಟೇ, ನಾನು ಹೋಗಿ ಆ ಮೂರಡಿ ಗೆರೆಯೊಳಗೆ ನಿಂತುಕೊಂಡೆ.

"ಇಲ್ಲಿ ಅಗೀಬೇಡಿ" ಎಂದೆ.

"ಮತ್ತೆಲ್ಲಿ ಅಗೀಲಿ? ನಿಮ್ಮಪ್ಪನ ಮನೆ ಅಂಗಳದಾಗೆ ಅಗೀಲಾ?" ಇವರ ಸಿಟ್ಟು ಕೊನೆಗೂ ಹೊರಬಂತು.

"ಎಲ್ಲೂ ಬೇಡ."

ಕೆಂಚಯ್ಯ ನನ್ನ ಮುಖ ನೋಡಿದ. ಆಮೇಲೆ, ತನಗೆ ಟೀ ಕುಡಿಯಬೇಕು ಎನಿಸಿದೆ ಎಂದು ಆಳುಗಳನ್ನು ಕರೆದುಕೊಂಡು ಹೈವೇ ದಾಟಿ ಹೋಟೆಲಿಗೆ ಹೋದ. ಅವರು ಒಳಗೆ ಹೋಗುವವರೆಗೂ ನಾನು ಕಾದೆ.

"ನನಗೆ ಈಗ ಮೂರು ತಿಂಗಳು. ಅದು ಹುಟ್ಟೋವರೆಗೂ ಮಣ್ಣು ಮುಟ್ಟಬೇಡಿ. ಮೂಢನಂಬಿಕೆ ಅಂತ ಬೇಕಾದ್ರೆ ಬೈರಿ, ಬೈಸ್ಕೋತೀನಿ" ಎಂದೆ.

ಜಿಲೇಬಿಗೆ ಓಡುತ್ತಾರೆ, ಇಲ್ಲವೇ ಕಿರುಚಾಡುತ್ತಾರೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಪಾಯಕ್ಕೆಂದು ಇಳಿಸಿದ್ದ ಕಲ್ಲಿನ ರಾಶಿಯ ಮೇಲೆ ಕೂತರು.

"ನಂಗೂ ಬ್ಯಾಡಾಗಿತ್ತು ಕಣೆ" ಎಂದರು.

"ಏನು ಬ್ಯಾಡಾಗಿತ್ತು?"

"ಈ ಗುಂಡಿ. ಗೆರೆ ಎಳೆದಾಗೆಲ್ಲ ಅವತ್ತಿನ ದಿನವೇ ಕಣ್ಮುಂದೆ ಬರೋದು. ನೀನು ಅಲ್ಲಿ ಬ್ಯಾಡ ಅಂದಾಗೆಲ್ಲ ಸದ್ಯ ಇವತ್ತು ಅಗೆಯಂಗಿಲ್ಲ ಅಂತ ಅಳಿಸ್ತಿದ್ದೆ. ಆಸ್ಪತ್ರೇಲಿ ಮಗೀನ ಟವೆಲ್ಲಾಗೆ ಸುತ್ತಿ ಕೊಟ್ರು. ನಿಮ್ಮಣ್ಣ ಬಂದಿದ್ದ, ನಾನು ಅಗೀತೀನಿ ಕೊಡು ಬಾವ ಅಂದ. ಹಾರೆ ಯಾರ ಕೈಗೂ ಕೊಡ್ಲಿಲ್ಲ ನಾನು. ಕೂಸಿಗೆ ಎರಡಡಿ ಸಾಕು ಅಂದ್ರು. ನರಿ ಕೆದಕಿಬುಟ್ರೆ ಅಂತ ಎದೆಮಟ್ಟ ಅಗೆದೆ. ಮಲಗ್ಸಿದ ಮ್ಯಾಲೆ ಹತ್ತಿ ಬರಾಕೆ ಆಗ್ಲಿಲ್ಲ. ನಿಮ್ಮಣ್ಣನೇ ಎಳಕಂಡ."

ಅಣ್ಣ ನನಗೆ ಇದನ್ನು ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ. ಮೂರನೇ ದಿನಕ್ಕೇ ಶೆಡ್ಡಿಗೆ ಹೋಗಿ ಸ್ಪ್ಯಾನರ್ ಹಿಡಿದ ಈ ಮನುಷ್ಯನದು ಕಲ್ಲು ಮನಸ್ಸು ಎಂದು ಎರಡು ವರ್ಷ ಒಳಗೊಳಗೇ ಶಪಿಸಿದ್ದೆ. ನನ್ನ ದುಃಖ ನನಗೊಬ್ಬಳಿಗೇ ಎಂದುಕೊಂಡಿದ್ದೆ. ಅವರ ಪಕ್ಕ ಕಲ್ಲಿನ ಮೇಲೆ ಕೂತು ಅತ್ತೆ. ಅವರೂ ಅತ್ತರು. ಹೈವೇಯಲ್ಲಿ ಲಾರಿಗಳು ಹೋಗುತ್ತಿದ್ದವು, ಯಾರಾದರೂ ನೋಡಿದರೋ ಏನೋ, ನೋಡಿದರೆ ನೋಡಲಿ.

ಟೀ ಕುಡಿದು ಬಂದ ಕೆಂಚಯ್ಯನಿಗೆ ಇವರು, "ಗುಂಡಿ ಬ್ಯಾಡ ಮಾರಾಯ, ಮಳೆಗಾಲದಾಗೆ ನೀರು ತುಂಬ್ತದೆ" ಎಂದರು.

"ಗುಂಡಿ ಇಲ್ದೆ ಗ್ಯಾರೇಜಾ?"

"ನೆಲ ಇಳಿಜಾರು ಐತಲ್ಲ. ಆ ಬಂಡೆ ಮ್ಯಾಲೆ ಎರಡು ಕಲ್ಲುಗೋಡೆ ಎತ್ತು. ಮೇಲ್ಗಡೆಯಿಂದ ಗಾಡಿ ತಂದು ಗೋಡೆ ಮ್ಯಾಲೆ ನಿಲ್ಲಿಸ್ತೀನಿ, ಕೆಳಗಡೆಯಿಂದ ನಡ್ಕಂಡೇ ಗಾಡಿ ಅಡಿಗೆ ಹೋಗ್ತೀನಿ."

ಬರಿಯ ಬಂಡೆಯಾದ್ದರಿಂದ ಪಾಯ ಬೇಕಾಗಲಿಲ್ಲ. ತಗಡಿನ ಚಾವಣಿಯ ಕಂಬಗಳಿಗೂ ನೆಲ ಅಗೆಯಲಿಲ್ಲ. ಹಳೇ ಆಯಿಲ್ ಡ್ರಮ್ಮುಗಳಲ್ಲಿ ಸಿಲ್ವರ್ ಓಕ್ ಮರದ ಕಂಬ ನಿಲ್ಲಿಸಿ ಸುತ್ತ ಕಲ್ಲು ತುಂಬಿದರು. ಡ್ರಮ್ಮಿನ ಗ್ಯಾರೇಜು ಎಂದು ಬಂದವರೆಲ್ಲ ಗೇಲಿ ಮಾಡಿದರು. ಯಾಕೆ ಹೀಗೆ ಎಂದು ಕೇಳಿದವರಿಗೆಲ್ಲ ಇವರು ನೀರಿನ ಕಥೆಯನ್ನೇ ಹೇಳಿದರು. ಮನೆಯನ್ನು ಆಮೇಲೆ ನೋಡೋಣ ಎಂದು ಬಾಳ್ಳುಪೇಟೆಯಲ್ಲೇ ಒಂದು ಕೋಣೆಯಲ್ಲಿ ಮಳೆಗಾಲ ಕಳೆದೆವು.

ಮಗಳು ಆಶಾ ಅಕ್ಟೋಬರಿನಲ್ಲಿ ಹುಟ್ಟಿದಳು. ಡಿಸೆಂಬರಿನಲ್ಲಿ ಮನೆಯ ಪಾಯಕ್ಕೆ ದಿನ ನೋಡಿದರು. ಅವಳನ್ನು ಮಡಿಲಲ್ಲಿ ಹಾಕಿಕೊಂಡು ನಾನು ಆ ಕಲ್ಲಿನ ರಾಶಿಯ ಮೇಲೆಯೇ ಕೂತಿದ್ದೆ. ಮೊದಲ ಗುದ್ದು ಯಜಮಾನರೇ ಹಾಕಬೇಕು ಎಂದು ಕೆಂಚಯ್ಯ ಹಾರೆ ಕೊಟ್ಟ. ಇವರು ಅದನ್ನು ಕೈಗೆ ತೆಗೆದುಕೊಂಡರು. ಆಮೇಲೆ ಅವನ ಕೈಗೇ ವಾಪಸು ಕೊಟ್ಟು, ನನ್ನ ಮಡಿಲಿಂದ ಮಗಳನ್ನು ಎತ್ತಿಕೊಂಡು, ಅಗೆದು ಮುಗಿಯುವವರೆಗೂ ಹೈವೇ ಕಡೆ ಮುಖ ಮಾಡಿ ನಿಂತಿದ್ದರು.