ಪಾರ್ಕಿಂಗ್ ಲಾಟಿನ ತವರು

ನನ್ನ ತವರುಮನೆಯ ಬಾಗಿಲು ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ಕಾಲೇಜು ಫುಟ್‌ಬಾಲ್ ಸ್ಟೇಡಿಯಮ್ಮಿನ ಪಾರ್ಕಿಂಗ್ ಲಾಟಿನಲ್ಲಿ ತೆರೆಯುತ್ತದೆ. ನಗಬೇಡಿ. ಅರವತ್ತೆರಡು ವರ್ಷದ ಹೆಂಗಸು ನಾನು, ಸತ್ಯವತಿ, ಮನೆ ಸನ್ನಿವೇಲ್‌ನಲ್ಲಿ. ಅಪ್ಪ ಅಮ್ಮ ಹೋದ ಮೇಲೆ ತವರು ಎಂದರೆ ಡ್ಯಾನ್‌ವಿಲ್‌ನಲ್ಲಿರುವ ತಮ್ಮ ವಾಸುದೇವ ಒಬ್ಬನೇ. ಮುಕ್ಕಾಲು ಗಂಟೆಯ ದಾರಿ. ಆದರೆ ಹನ್ನೊಂದು ವರ್ಷದಿಂದ ಅವನು ನಮ್ಮ ಹೊಸಿಲು ತುಳಿದಿಲ್ಲ, ನಾವು ಅವನ ಹೊಸಿಲು ತುಳಿದಿಲ್ಲ.

ಕಾರಣ ಹೇಳಲು ನಾಚಿಕೆಯಾಗುತ್ತದೆ. ಅವನ ಗೃಹಪ್ರವೇಶದ ದಿನ ನನ್ನ ಯಜಮಾನರಾದ ಶೇಷಾದ್ರಿಯವರನ್ನು ಎರಡನೇ ಪಂಕ್ತಿಗೆ ಕೂರಿಸಿದರು. ಮನೆಯ ಅಳಿಯನಿಗೆ ಎರಡನೇ ಪಂಕ್ತಿ! ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ, ಅಷ್ಟು ಹೊತ್ತಿಗೆ ಪಾಯಸದ ತಳ ಬೇರೆ ಸೀದಿತ್ತು. "ಅವನೇ ಬಂದು ಕರೀಲಿ" ಎಂದು ಇವರು. "ಭಾವ ಮೊದ್ಲು ಫೋನ್ ಮಾಡ್ಲಿ" ಎಂದು ಅವನು.

ನಮ್ಮ ಮಗ ಸುಜಯ್ ಓದಿದ್ದು ಕೊಲ್ಲಿಯ ಈಚೆ ದಡದ ಕಾಲೇಜಿನಲ್ಲಿ, ವಾಸುವಿನ ಮಗಳು ಇಂಚರಾ ಆಚೆ ದಡದ್ದರಲ್ಲಿ. ಎರಡಕ್ಕೂ ತಲೆಮಾರುಗಳ ಹಗೆ. ವರ್ಷಕ್ಕೊಂದು ಪಂದ್ಯ ತಪ್ಪುತ್ತಿರಲಿಲ್ಲ. ಅಲ್ಲಿಗೆ ಮಾತ್ರ ಇವರೂ ವಾಸುವೂ ಇಬ್ಬರೂ ಬರುತ್ತಿದ್ದರು. ಕಾರುಗಳನ್ನು ಅಕ್ಕಪಕ್ಕ ನಿಲ್ಲಿಸಿ, ಒಬ್ಬರ ಮುಖ ಒಬ್ಬರು ನೋಡದೆ, ಗಾಳಿಗೆ ಹೇಳಿದಂತೆ ಒಬ್ಬರ ಟೀಮನ್ನು ಇನ್ನೊಬ್ಬರು ಆಡಿಕೊಳ್ಳುತ್ತಿದ್ದರು. ಆ ಗಲಾಟೆಯ ನಡುವೆ ವಾಸು ಡಿಕ್ಕಿ ತೆಗೆದು, ಗೌರಿ ಹಬ್ಬಕ್ಕೆ ಕೊಡಬೇಕಿದ್ದ ಬಾಗಿನವನ್ನು ಎರಡು ತಿಂಗಳು ತಡವಾಗಿ ನನ್ನ ಮಡಿಲಿಗೆ ಹಾಕುತ್ತಿದ್ದ. ಸೀರೆ, ಬಳೆ, ಅರಿಶಿನ ಕುಂಕುಮ. ಬಿಯರ್ ಹಿಡಿದ ಹುಡುಗರು ಏನೋ ಬಹುಮಾನವೆಂದುಕೊಂಡು ಚಪ್ಪಾಳೆ ಹೊಡೆಯುತ್ತಿದ್ದರು.

ಕಳೆದ ವಾರ ಸುಜಯ್ ಹೊಸ ವೇಳಾಪಟ್ಟಿ ಕಳಿಸಿದ. ನಮ್ಮ ಶನಿವಾರದ ಎದುರಿಗೆ ಇಂಗ್ಲಿಷಿನ ಮೂರೇ ಅಕ್ಷರ: ಬೈ.

"ಯಾರನ್ನೋ ಬೈಬೇಕಂತೆ?" ಎಂದು ನಗುತ್ತಲೇ ಅವನಿಗೆ ಫೋನ್ ಮಾಡಿದೆ.

"ನೋ ಅಮ್ಮಾ, ಬೈ ಅಂದ್ರೆ ಆ ವಾರ ಗೇಮ್ ಇಲ್ಲ. ಲೀಗ್ ಚೇಂಜ್ ಆಯ್ತಲ್ಲ, ದೇ ಡ್ರಾಪ್ಡ್ ಇಟ್."

"ಈ ವರ್ಷ ಮಾತ್ರಾನಾ?"

"ಐ ಡೋಂಟ್ ಥಿಂಕ್ ಸೋ."

ಶೇಷಾದ್ರಿಯವರು ಆ ಪಟ್ಟಿಯನ್ನು ಮೂರು ಸಲ ಓದಿದರು, ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದರು. "ಟೀವಿಗೋಸ್ಕರ ಮೂರು ಸಾವಿರ ಮೈಲಿ ಆಚೆಯವರ ಜೊತೆ ಆಡಿಸ್ತಾರಂತೆ, ಪಕ್ಕದೂರಿನವರು ಬೇಡವಂತೆ! ಬುದ್ಧಿ ಇದೆಯಾ ಇವರಿಗೆ?" ಎಂದು ಕೂಗಾಡಿದರು. ನನಗೆ ಮೈಯೆಲ್ಲ ಉರಿಯಿತು. ಪಕ್ಕದೂರು ಬೇಡವೆಂದು ಕೂತವರು ಮೊದಲು ಯಾರು? ಬಾಯಿಗೆ ಬಂದದ್ದನ್ನು ನುಂಗಿಕೊಂಡು ತಮ್ಮನಿಗೆ ಫೋನ್ ಮಾಡಿದೆ. ಕೈಯೆಲ್ಲ ಚಪಾತಿ ಹಿಟ್ಟು, ಸ್ಪೀಕರಿಗೆ ಹಾಕಿದೆ.

ಅವನಿಗೂ ಸುದ್ದಿ ಮುಟ್ಟಿತ್ತು. "ಅಕ್ಕಾ, ಹಾಗಾದ್ರೆ ಬಾಗಿನಾನ ಇನ್ಮೇಲೆ ಪಾರ್ಸೆಲ್ ಮಾಡ್ಲಾ?" ಎಂದ.

ಪಾರ್ಸೆಲ್! ತವರಿನ ಬಾಗಿನ ರಟ್ಟಿನ ಡಬ್ಬಿಯಲ್ಲಿ ಬಂದು ಬಾಗಿಲ ಮುಂದೆ ಬಿದ್ದಿರುವುದು!

ನಾನು ಬಾಯಿ ತೆರೆಯುವ ಮೊದಲೇ ಇವರು ಫೋನಿನತ್ತ ಬಗ್ಗಿದರು. "ಏನೋ ವಾಸು! ಅಕ್ಕನಿಗೆ ಬಾಗಿನ ಪಾರ್ಸೆಲ್ ಮಾಡ್ತಾರೇನೋ? ತಂದ್ಕೊಡೋಕೆ ಕಾಲಿಲ್ವಾ ನಿಂಗೆ?"

ಹನ್ನೊಂದು ವರ್ಷದ ಮೇಲೆ ನೇರವಾಗಿ ಆಡಿದ ಮೊದಲ ಮಾತು. ಆ ಕಡೆಯಿಂದ ಸಣ್ಣ ದನಿ ಬಂತು.

"ಎಲ್ಲಿಗೆ ತರ್ಲಿ, ಭಾವ?"

ಇವರು ನನ್ನ ಮುಖ ನೋಡಿದರು, ಫೋನ್ ನೋಡಿದರು. "ಇನ್ನೆಲ್ಲಿಗೆ? ಮನೆಗೆ" ಎಂದರು, ಗದರುವ ದನಿಯಲ್ಲೇ.

"ಭಾನುವಾರ ಬರ್ತೀನಿ" ಎಂದ ಅವನು. ಅಷ್ಟೇ. ಒಂದು ನಿಮಿಷವೂ ಹಿಡಿಯಲಿಲ್ಲ.

ನಾನು ಹಿಟ್ಟಿನ ಕೈಯಲ್ಲೇ ಕುರ್ಚಿಗೆ ಕುಸಿದೆ. ಸಂತೋಷ ಆಮೇಲೆ ಬಂತು; ಮೊದಲು ಬಂದದ್ದು ದಿಗಿಲು. ಆ ಪಂದ್ಯವೇ ನಮ್ಮನ್ನು ಸೇರಿಸುತ್ತಿದೆ ಎಂದು ಪ್ರತಿವರ್ಷ ದೇವರಿಗೆ ಕೈಮುಗಿದಿದ್ದೆ. ಹೇಗೂ ಅದೊಂದು ಇದೆಯಲ್ಲ ಎಂಬ ಧೈರ್ಯದಲ್ಲಿ ಇವರಿಬ್ಬರೂ, ಇವರ ಜೊತೆ ನಾನೂ, ಒಂದು ನಿಮಿಷದ ಮಾತನ್ನು ಹನ್ನೊಂದು ವರ್ಷ ಮುಂದಕ್ಕೆ ಹಾಕಿದ್ದೆವು.